ಬಳೆ ಡಬ್ಬಿಯ ಬೀಜ

"ಪಂಪ್ ತೊಳದಿದ್ದಿ, ಇಲ್ಲ? ಅಷ್ಟ ಹೇಳು. ಹೂಂ ಅನ್ನು, ಇಲ್ಲಾ ಊಹುಂ ಅನ್ನು."

"ತೊಳದೀನೋ! ಎಷ್ಟ್ ಸಲ ಒದರಲಿ? ದಿನಾ ಆ ಹಾಡಿನ ಡಬ್ಬಿ ಬಾರಿಸಿ ಬಾರಿಸಿ ಕಿವುಡಾಗೀಯೇನು?"

"ಕಾಲುವಿ ನೀರು ಒಮ್ಮಿ ಕುಲುಕಿ ಚೆಲ್ಲಿದ್ರ ತೊಳದಂಗಲ್ಲ ಅಕ್ಕಾ. ನೋಡಿಲ್ಲಿ."

ಸುನೀಲ ಒಂದು ಟೊಮೆಟೊ ಸಸಿಯನ್ನು ಬೇರುಸಮೇತ ಕಿತ್ತು ಅಕ್ಕನ ಮುಖದ ಮುಂದೆ ಹಿಡಿದ. ಎಲೆಗಳು ಸುಟ್ಟ ಹಪ್ಪಳದಂತೆ ಮುರುಟಿದ್ದವು. ದಂಟು ಹಾವಿನ ಮರಿಯ ಹಾಗೆ ತಿರುಚಿಕೊಂಡಿತ್ತು.

"ಇದು ರೋಗ ಅಲ್ಲ ಬೇ. ಕಸದ ಎಣ್ಣಿ."

ಕರೆಮ್ಮನಿಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಗೊರೇಬಾಳದಲ್ಲಿ ನೆಲ್ಲು ಬೆಳೆಯುವವರಿಗೆಲ್ಲ ಆ ಮುರುಟು ಗೊತ್ತು. ಹುಲ್ಲು ಸಾಯಿಸುವ ಔಷಧಿಗೆ ಅಲ್ಲಿ ಕಸದ ಎಣ್ಣೆ ಎನ್ನುತ್ತಾರೆ. ಕಳೆದ ವಾರ ಗದ್ದೆಯ ಬದುವಿಗೆ ಅದನ್ನು ಹೊಡೆದವಳು ಅವಳೇ. ಆಮೇಲೆ ಪಂಪಿಗೆ ಒಂದು ಸಲ ನೀರು ತುಂಬಿ, ಕುಲುಕಿ, ಚೆಲ್ಲಿದ್ದಳು. ಅದೇ ಪಂಪನ್ನು ಬೆನ್ನಿಗೆ ಹಾಕಿಕೊಂಡು ಈ ಕಾಯಿಪಲ್ಲೆಯ ಮಡಿಗಳ ಮೇಲೆ ನಡೆದಿದ್ದಳು. ಟೊಮೆಟೊ, ಮೆಣಸಿನಕಾಯಿ, ಬದನೆ ಒಂದೂ ಉಳಿದಿರಲಿಲ್ಲ.

"ಈ ಮಡಿಗಿ ಯಾವ ಎಣ್ಣೀನೂ ಮುಟ್ಟಿಸಬ್ಯಾಡ ಅಂತ ಕೈ ಮುಗದು ಹೇಳಿದ್ನಿಲ್ಲ? ಮತ್ಯಾಕ ಹೊಡದಿ? ಅದನ್ನಾರ ಹೇಳು."

ಅದಕ್ಕೆ ಕರೆಮ್ಮನ ಹತ್ತಿರ ಉತ್ತರವಿತ್ತು. ಆದರೆ ಒಳ್ಳೆಯ ಮಾತು ಅವಳ ಬಾಯಿಂದ ಸಲೀಸಾಗಿ ಬಂದ ದಿನವೇ ಇಲ್ಲ.

ಅವ್ವ ಸತ್ತಾಗ ಸುನೀಲ ಇನ್ನೂ ಅಂಬೆಗಾಲಿಡುತ್ತಿದ್ದ. ಕರೆಮ್ಮ ಮದುವೆಯಾಗಿ ಗೊರೇಬಾಳಕ್ಕೆ ಬರುವಾಗ ಒಂದು ಕಂಕುಳಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ತಮ್ಮ. ಹೊಟ್ಟೆಯಲ್ಲಿ ಮಕ್ಕಳು ಹುಟ್ಟಲಿಲ್ಲ. ಗಂಡ ತೀರಿದ ಮೇಲಂತೂ ತನ್ನವರು ಎಂದರೆ ಇವನೊಬ್ಬನೇ. ದೊಡ್ಡವನಾದ ಮೇಲೆ ಈ ಕಡೆಯ ಹುಡುಗರೆಲ್ಲ ಹೋದಂತೆ ಅವನೂ ಗೋವಾಕ್ಕೆ ದುಡಿಯಲು ಹೋದ. ಸಮುದ್ರದ ದಂಡೆಯ ಒಂದು ಹೋಟೆಲಿನಲ್ಲಿ ಅಡಿಗೆ ಕೆಲಸ. ಅದೇ ಅಡಿಗೆಮನೆಯಲ್ಲಿ ಲಿಂಗಸುಗೂರಿನ ಬಳೆಗಾರ ಹುಸೇನ್‌ಸಾಬನ ಮಗಳು ಸುಲ್ತಾನಾ ಇದ್ದಳು. ಇಬ್ಬರೂ ಲಗ್ನ ಮಾಡಿಕೊಂಡರು. ಅಕ್ಕನಿಗೆ ತೋರಿಸಲೆಂದು ಅವನು ಅವಳನ್ನು ಊರಿಗೆ ಕರೆತಂದ ದಿನ ಕರೆಮ್ಮ ಬಾಗಿಲಿಗೆ ಅಡ್ಡ ನಿಂತು, "ನನ್ನ ಹೊಸ್ತಿಲ ತುಳಿಬ್ಯಾಡ" ಎಂದಿದ್ದಳು. ಸುಲ್ತಾನಾ ಬೀದಿಯ ನಳದಲ್ಲಿ ಬೊಗಸೆ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಬಂದ ದಾರಿಯಲ್ಲೇ ಹೋದಳು.

ಹೋದ ಮಳೆಗಾಲದಲ್ಲಿ ಆಕೆ ಜ್ವರ ಬಂದು ಸತ್ತಳು. ಸುನೀಲ ಅಕ್ಕನ ಮನೆಗೆ ಒಬ್ಬನೇ ಬಂದ. ಕೈಯಲ್ಲಿ ಒಂದು ಚೀಲ, ಒಂದು ಬ್ಲೂಟೂತ್ ಸ್ಪೀಕರ್, ಒಂದು ಬಳೆ ಡಬ್ಬಿ. ಡಬ್ಬಿಯಲ್ಲಿ ಬಳೆ ಇರಲಿಲ್ಲ, ಬೀಜ ಇದ್ದವು. ಹೋಟೆಲಿನ ಹಿಂದೆ, ಉಸುಕು ನೆಲದಲ್ಲಿ ಸುಲ್ತಾನಾ ಮಾಡಿದ್ದ ಹಿತ್ತಲಿನ ಬೀಜ. ಆ ವರ್ಷವೆಲ್ಲ ಅವನು ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಈ ವರ್ಷ ಮಹಾನವಮಿಗೆ ಮೊದಲು ಸಸಿಗೆಂದು ಬೀಜ ಚೆಲ್ಲಿದ. ಹಬ್ಬ ಮುಗಿದು ಬಿಸಿಲಿನ ಸೊಕ್ಕು ಮುರಿದ ಮೇಲೆ, ಕಾಲುವೆ ನೀರು ಏರದ ದಿನ್ನೆಯ ತುಂಡಿನಲ್ಲಿ ಮಡಿ ಕಟ್ಟಿ ನೆಟ್ಟ. ಜಾಲಿ ಗಿಡದ ಟೊಂಗೆಗೆ ಸ್ಪೀಕರ್ ನೇತುಹಾಕಿದ.

ಅದರಿಂದ ಬರುತ್ತಿದ್ದ ಹಾಡು ಊರಿಗೆಲ್ಲ ನಗೆ. ಪಕ್ಕದ ಹೊಲಕ್ಕೆ ಕೂಲಿಗೆ ಬರುವ ಮುನ್ನಿಬೀ ದಿನಕ್ಕೊಂದು ಸಲವಾದರೂ ಕೂಗುತ್ತಿದ್ದಳು: "ಕರೆಮ್ಮಕ್ಕಾ, ನಿನ್ನ ಬದನಿಗಿಡ ಇನ್ನಾ ಡ್ಯಾನ್ಸ್ ಕಲತಿಲ್ಲೇನ?"

"ಕಲತ ಮ್ಯಾಲ ನಿನ್ನ ಲಗ್ನಕ್ಕ ಕಳಸ್ತೀನಿ ಬಾ, ಮುದುಕಿ!"

ಕರೆಮ್ಮನಿಗೂ ಮೊದಮೊದಲು ಅದು ಸೇರಿರಲಿಲ್ಲ. "ಇದೇನೋ ಹಾಡು? ಕುಂಟತೈತಲ್ಲ. ಕಾಲು ಮುರದಾವೇನು ಇದರವು?"

"ಕುಂಟಲ್ಲ ಬೇ. ರೆಗ್ಗೆ ಅಂತಾರ, ಎಲ್ಲೋ ದೂರದ ದ್ವೀಪದ್ದು. ನೋಡು, ನಿನ್ನ ಕುರಪಿ ಮಣ್ಣಿಗಿ ಇಳದಾಗ ಸುಮ್ನ ಇರತೈತಿ, ಎತ್ತಿದಾಗ ಬಡಿತೈತಿ."

ಅವಳು ಕಳೆ ಕೀಳುವ ಕುರಪಿಯನ್ನು ಮಣ್ಣಿಗೆ ಇಳಿಸಿದಳು, ಎತ್ತಿದಳು. ಹೌದಲ್ಲ! ಅವತ್ತು ಮೆಂತ್ಯದ ಮಡಿ ಯಾವಾಗ ಹಸನಾಯಿತೋ ತಿಳಿಯಲಿಲ್ಲ. ರೆಗ್ಗೆ ಆದ ಮೇಲೆ ಕವ್ವಾಲಿ, ಅದರ ಬೆನ್ನಿಗೆ ಡೊಳ್ಳು, ಗೋವಾದ ಕ್ರೈಸ್ತರ ಮದುವೆ ಹಾಡು, ಹಳೆಯ ಹಿಂದಿ ಸಿನಿಮಾದ್ದು. ಸುಲ್ತಾನಾಗೆ ಸೇರಿದ ಹಾಡುಗಳೆಲ್ಲ ಒಂದೇ ಮೆಮೊರಿ ಕಾರ್ಡಿನಲ್ಲಿ ಹಿಂದೆ ಮುಂದೆ ಇದ್ದವು. ಒಂದು ಮಧ್ಯಾಹ್ನ ಅವುಗಳ ನಡುವೆ ಯಾವುದೋ ಹೆಂಗಸು ಕಳೆ ತೆಗೆಯುವ ಹಾಡು ಹಾಡತೊಡಗಿದಳು. ವಾದ್ಯವಿಲ್ಲ, ಗಾಳಿಯ ಸದ್ದು, ದೂರದಲ್ಲಿ ಟ್ರ್ಯಾಕ್ಟರ್.

"ಯಾರೋ ಈಕಿ, ಕಾಗಿ ಒದರಿದಂಗ?"

"ನೀನ ಬೇ."

ಕರೆಮ್ಮ ಕುರಪಿ ಕೆಳಗಿಟ್ಟಳು. ಗೋವಾಕ್ಕೆ ಹೊರಟ ವರ್ಷ, ಅವಳು ಗದ್ದೆಯಲ್ಲಿ ಬಗ್ಗಿ ಹಾಡಿದ್ದನ್ನು ಅವನು ಫೋನಿನಲ್ಲಿ ಹಿಡಿದುಕೊಂಡಿದ್ದನಂತೆ.

"ಕಾರ್ಡಿಗಿ ಹಾಕಿದಾಕಿ ಸುಲ್ತಾನಾ. ಇದು ಬಂತಂದ್ರ ಗಿಡಕ್ಕ ನೀರು ಹಾಕೋದು ಬಿಟ್ಟು ಕುಂತುಬಿಡತಿದ್ಲು. ನಿಮ್ಮಕ್ಕನ ದನಿಯಾಗ ಸಿಟ್ಟ ಇಲ್ಲಲ್ಲ ಅಂತಿದ್ಲು."

ಕರೆಮ್ಮ ಮುಖ ತಿರುಗಿಸಿ ಕಳೆಗೆ ಕೈ ಹಾಕಿದಳು. ಕಳೆಯ ಜೊತೆ ಒಂದು ಹಿಡಿ ಮೆಂತ್ಯವೂ ಕಿತ್ತು ಬಂತು.

ಅದಾದ ಮೇಲೆ ಆ ಸಸಿಗಳ ಮೇಲೆ ಅವಳ ಕಣ್ಣು ಬೇರೆಯಾಯಿತು. ಕೋಳಿ ಬಂದರೆ ಅಟ್ಟಿಸಿಕೊಂಡು ಓಡುವಳು. ಸುನೀಲ ಗಿಡಕ್ಕೆ ಊರುಗೋಲು ಕೊಡಲು ಬಿದಿರಿನ ದಬ್ಬೆ ತರುತ್ತೇನೆಂದು ಸಿಂಧನೂರಿಗೆ ಹೋಗಿ, ಗೆಳೆಯನ ಮನೆಯಲ್ಲಿ ಉಳಿದ. ಮರುದಿನ ಬೆಳಗ್ಗೆ ನೋಡಿದರೆ ಎಲೆಯ ಅಡಿಗೆ ಹಸಿರು ಹುಳ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಅರೆದು ಸೋಸಿದ ನೀರನ್ನು ಸುಲ್ತಾನಾ ಹುಳಕ್ಕೆ ಚಿಮುಕಿಸುತ್ತಿದ್ದಳು ಎಂದು ಸುನೀಲ ಒಮ್ಮೆ ಹೇಳಿದ್ದ. ಕರೆಮ್ಮ ಒರಳಿನ ಮುಂದೆ ಕುಳಿತಳು. ಅಂಗೈ ಬೆಂಕಿಯಾಗುವ ತನಕ ಅರೆದಳು. ತನ್ನ ಹಳೆಯ ಸೀರೆಯಲ್ಲಿ ಎರಡು ಸಲ ಸೋಸಿದಳು. ತಂಬಿಗೆಯಿಂದ ಚಿಮುಕಿಸಿದರೆ ಎಲೆಯ ಅಡಿಗೆ ಮುಟ್ಟುವುದಿಲ್ಲ ಎಂದು ಪಂಪಿಗೆ ತುಂಬಿದಳು. ಅಷ್ಟೇ ಅವಳು ಮಾಡಿದ ತಪ್ಪು. ಗಿಡ ಚೇತರಿಸಿಕೊಳ್ಳಲಿ, ಆಮೇಲೆ ಹೇಳಿದರಾಯಿತು, 'ನಿನ್ನ ಹೇಣ್ತಿ ಮದ್ದು ನಾನ ಹೊಡದೀನಿ ನೋಡೋ' ಎಂದು. ಆ ಮಾತನ್ನು ಒಳಗೊಳಗೇ ಎಷ್ಟೋ ಸಲ ಆಡಿ ನೋಡಿಕೊಂಡಿದ್ದಳು.

ಈಗ ಅದನ್ನೇ ಹೇಳಬೇಕಾಗಿತ್ತು. ಅಷ್ಟರಲ್ಲಿ ಸುನೀಲನೇ ಬಾಯಿ ಬಿಟ್ಟ.

"ಜೀವಂತ ಇದ್ದಾಗ ಆಕಿನ್ನ ಹೊಸ್ತಿಲಕ್ಕ ಬಿಡಲಿಲ್ಲ. ಸತ್ತ ಮ್ಯಾಲ ಆಕಿ ಬೀಜಾನೂ ಹೊಲದಾಗ ಇರಗೊಡಲಿಲ್ಲ. ತಣ್ಣಗಾತೇನು ನಿನ್ನ ಹೊಟ್ಟಿ?"

ತಾನು ಎತ್ತಿ ಬೆಳೆಸಿದವನು ತನ್ನನ್ನು ಹೀಗೆ ತಿಳಿದನೇ!

"ಹೌದೋ! ಬೇಕಂತ ಹೊಡದೀನಿ! ಹೋದಾಕಿ ಹೋದ್ಲು, ಆಕಿ ಬೀಜಾನೂ ಹೋದ್ರ ನನ್ನ ಮನಿ ಪೀಡಾ ಹೋತು!"

ಜಾಲಿಯ ಟೊಂಗೆಯಲ್ಲಿ ಕುಂಟುವ ತಾಳ ತನ್ನ ಪಾಡಿಗೆ ತಾನು ಬಡಿಯುತ್ತಿತ್ತು. ಸುನೀಲ ತಿರುಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಸಸಿಯನ್ನು ಮೆಲ್ಲಗೆ ಮಡಿಯ ಮೇಲೆ ಮಲಗಿಸಿದ. ಮನೆಗೆ ಹೋಗಿ ಚೀಲ ತುಂಬಿಕೊಂಡು ಬಂದ. ಬಳೆ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ. ಸದ್ದಿಲ್ಲ.

"ಒಂದ್ ನಾಕು ಬೀಜ ತೆಗೆದಿಡಬೇಕಿತ್ತು. ಎಲ್ಲಾ ಹಾಕಿಬಿಟ್ಟೆ. ಅಕ್ಕನ ಹೊಲ ಐತಲ್ಲ, ಎಲ್ಲಿ ಹೋಗ್ತಾವ ಅಂದುಕೊಂಡ್ನಿ."

ಸ್ಪೀಕರನ್ನು ಟೊಂಗೆಯಿಂದ ಬಿಚ್ಚಿದ. ಆರಿಸಲಿಲ್ಲ. ಹಾಗೆಯೇ ಹೆಗಲಿಗೆ ಹಾಕಿಕೊಂಡು ಕಾಲುವೆಯ ಒಡ್ಡಿನ ಮೇಲೆ ಡಾಂಬರು ರಸ್ತೆಯ ಕಡೆಗೆ ನಡೆದ.

ಕರೆಮ್ಮನ ಅಂಗೈ ಇನ್ನೂ ಉರಿಯುತ್ತಿತ್ತು. ಎಷ್ಟು ತೊಳೆದರೂ ಬೆಳ್ಳುಳ್ಳಿಯ ವಾಸನೆ ಹೋಗಿರಲಿಲ್ಲ. ಓಡಿಹೋಗಿ ಆ ಕೈಯನ್ನು ಅವನ ಮೂಗಿಗೆ ಹಿಡಿದಿದ್ದರೆ ಸಾಕಿತ್ತು, ಮಾತೇ ಬೇಕಾಗಿರಲಿಲ್ಲ. ಅವನು ಒಡ್ಡಿನ ತಿರುವು ಮುಟ್ಟುವಾಗ ಎದೆ ಒಡೆಯುವಂತೆ ಕೂಗಿದಳು:

"ಉಂಡಾರ ಹೋಗೋ!"

ಹಾಡಿನ ಸದ್ದಿಗೆ ಕೇಳಿಸಲಿಲ್ಲವೋ ಏನೋ. ಅವನು ತಿರುಗಲಿಲ್ಲ. ಹಾಡು ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಬಸ್ಸೊಂದು ನಿಂತ ಸದ್ದು, ಹೊರಟ ಸದ್ದು.

ಮನೆಗೆ ಬಂದರೆ ಸ್ಪೀಕರಿನ ಚಾರ್ಜರ್ ಗೋಡೆಯ ಪ್ಲಗ್ಗಿನಲ್ಲೇ ಇತ್ತು. ಕರೆಮ್ಮನಿಗೆ ಜೀವ ಬಂದಂತಾಯಿತು. ಕೇಳಲು ಬಂದ ಮುನ್ನಿಬೀಗೆ, "ಬರ್ತಾನ ತಗೋ. ಚಾರ್ಜರ್ ಇಲ್ಲೇ ಬಿಟ್ಟಾನ. ಆ ಹಾಡಿನ ಡಬ್ಬಿ ಬಂದ್ ಆತು ಅಂದ್ರ ಓಡಿ ಬರ್ತಾನ" ಎಂದಳು. ಅಂಥ ಚಾರ್ಜರ್ ಮಸ್ಕಿ ಬಜಾರಿನ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ ಎಂಬುದು ಮುನ್ನಿಬೀಗೆ ಗೊತ್ತಿತ್ತು. ಅವಳು ಹೇಳಲಿಲ್ಲ. ಕರೆಮ್ಮ ಫೋನ್ ಮಾಡಿದಾಗಲೆಲ್ಲ ಅದು ಸ್ವಿಚ್ ಆಫ್.

ಎಳ್ಳಮಾವಾಸ್ಯೆ ಬಂತು. ಹೊಲದ ತಾಯಿಗೆ ಉಣಿಸುವ ದಿನ. ಒಬ್ಬರು ಮುಂದೆ ಕೂಗುತ್ತ ಚರಗದ ಅನ್ನ ಚೆಲ್ಲಬೇಕು, ಇನ್ನೊಬ್ಬರು ಹಿಂದಿನಿಂದ ಓಗೊಟ್ಟು ನೀರು ಚಿಮುಕಿಸಬೇಕು. ಸಣ್ಣವನಿದ್ದಾಗ ತಂಬಿಗೆ ಹಿಡಿದು ಹಿಂದೆ ಓಡುತ್ತಿದ್ದವನು ಸುನೀಲ. ಕರೆಮ್ಮ ಬುಟ್ಟಿ ಹೊತ್ತು ಒಬ್ಬಳೇ ಗದ್ದೆ ಸುತ್ತಿ ಬಂದಳು. ದಿನ್ನೆಯ ಮಡಿಗಳ ಹತ್ತಿರ ನಿಂತು, ಒಣಗಿದ ಸಸಿಗಳ ಮೇಲೂ ಒಂದು ಹಿಡಿ ಅನ್ನ ಚೆಲ್ಲಿ ಕೂಗಿದಳು. ಹಿಂದಿನಿಂದ ಯಾರೂ ಓಗೊಡಲಿಲ್ಲ. ಇನ್ನೊಂದು ಸಲ ಕೂಗಿದಳು. ಆಮೇಲೆ ಬುಟ್ಟಿ ಇಳಿಸಿ, ತಾನೇ ತಂಬಿಗೆಯಿಂದ ನೀರು ಚಿಮುಕಿಸಿದಳು.

ಚಾರ್ಜರನ್ನು ಅವಳು ಪ್ಲಗ್ಗಿನಿಂದ ತೆಗೆದಿಲ್ಲ. ಸುನೀಲ ಬರಲಿಲ್ಲ.