ಹೆಸರು ಹೇಳಿದರೆ ಹಾಡುವ ಪೆಟ್ಟಿಗೆ

ಶಕುಂತಲಾಬಾಯಿಯ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದವು. ಹೊರಗೆ ಓಣಿಯಲ್ಲಿ ಪಕ್ಕದ ಮನೆಯ ಅಂಬುಬಾಯಿ ಹಾಲಿನವನನ್ನು ಕರೆದಳು.

"ಏ ಬಸವಣಪ್ಪ, ನಾಳಿಂದ ಎಂಟ ದಿನ ನಂಗ ಹಾಲ ಬ್ಯಾಡೋ."

ಹಾಲಿನವನು ಓ ಎನ್ನುವ ಮೊದಲೇ ಒಳಕೋಣೆಯ ರೇಡಿಯೊ ಓ ಎಂದಿತು. ಗಾಜಿನ ಹಿಂದೆ ಹಳದಿ ದೀಪ ಹತ್ತಿತು. ಅದರ ಹೊಟ್ಟೆಯೊಳಗೆ ಯಾರೋ ಗಂಟಲು ಸರಿಮಾಡಿಕೊಂಡಂತಾಯಿತು. ಮರುಕ್ಷಣವೇ ಒಬ್ಬ ಗಾಯಕ, ಅಲ್ಲಿ ಪಕ್ಕದೂರು ಮೋರಖಂಡಿಯ ಎತ್ತುಗಳು ಕಿವಿ ನಿಮಿರಿಸಬೇಕು, ಅಷ್ಟು ಗಟ್ಟಿಯಾಗಿ ವಚನ ಎತ್ತಿಕೊಂಡ. ಹಂಚಿನ ಮೇಲಿನ ರೊಟ್ಟಿ ಬೆದರಿಯೇ ಉಬ್ಬಿತು.

"ಸಾಕು," ಎಂದಳು ಶಕುಂತಲಾಬಾಯಿ.

ಗಾಯಕ ಅರ್ಧ ಮಾತಿಗೇ ನಿಂತ. ಸಾಕು ಎಂದರೆ ನಿಲ್ಲಬೇಕೆಂದು ಅಳಿಯ ಅದಕ್ಕೆ ಕಲಿಸಿದ್ದ. ಆ ಮಾತು ಹೇಳಲು ಅವಳಿಗೆ ಕಷ್ಟವೇನಿರಲಿಲ್ಲ. ಗಂಡನ ಸಂಗಡ ಬಾಳಿದ ನಲವತ್ತೆಂಟು ವರ್ಷಗಳಲ್ಲಿ ಅವಳು ಎಲ್ಲಕ್ಕಿಂತ ಹೆಚ್ಚು ಸಲ ಆಡಿದ ಮಾತೇ ಅದು. ಶುರು ಮಾಡಲು ಹೇಳಬೇಕಾದ ಮಾತು ಮಾತ್ರ ನಾಲಿಗೆಯ ಮೇಲೆ ಬರುತ್ತಿರಲಿಲ್ಲ.

ಹಾಲಿನವ ಕಿಟಕಿಯಲ್ಲಿ ಮುಖವಿಟ್ಟು ನಕ್ಕ. "ಏನ್ರಿ ಬಾಯಿ, ನನ್ನ ಕರದ್ರ ನಿಮ್ಮ ಮನಿ ಹಾಡ್ತದಲ್ಲ."

"ನಿಮ್ಮಪ್ಪಗ ಇಡಾಕ ಬ್ಯಾರೆ ಹೆಸರ ಸಿಗಲಿಲ್ಲೇನೋ?"

"ಈ ಓಣ್ಯಾಗ ಕಣ್ಣ ಮುಚ್ಚಿ ಒಂದ ಕಲ್ಲ ಒಗೀರಿ. ಅದ ಹೆಸರಿನವರು ನಾಕ ಮಂದಿ ಅಯ್ಯೋ ಅಂತಾರ."

ಅದು ಸುಳ್ಳಲ್ಲ. ಎದುರುಮನೆಯ ಮುದುಕ, ಅವನ ಮೊಮ್ಮಗ, ಹಿಟ್ಟಿನ ಗಿರಣಿಯವ, ಈ ಹಾಲಿನವ, ಎಲ್ಲರೂ ಬಸವಣಪ್ಪಂದಿರೇ. ಯಾರು ಯಾರನ್ನು ಕರೆದರೂ ಪೆಟ್ಟಿಗೆ ತನ್ನನ್ನೇ ಕರೆದರೆಂದು ಎದ್ದು ಕೂರುತ್ತಿತ್ತು. ಎರಡು ವರ್ಷದ ಹಿಂದೆ ತೀರಿಕೊಂಡ ಅವಳ ಗಂಡನ ಹೆಸರೂ ಅದೇ. ಬದುಕಿದ್ದಾಗ ಹತ್ತು ಸಲ ಕೂಗಿದರೂ ಪೇಪರಿನ ಹಿಂದಿನಿಂದ ಒಂದು 'ಹೂಂ' ಹೊರಡುತ್ತಿರಲಿಲ್ಲ. ಈಗ ಊರಿನವರು ಯಾರು ಕರೆದರೂ ಓಗೊಡುತ್ತಾನೆ ಎಂದು ಅವಳಿಗೆ ಮೈ ಉರಿಯುತ್ತಿತ್ತು.

ರೇಡಿಯೊ ಗಂಡನದು. ಮದುವೆಯಾದ ಮರುವರ್ಷ ಹೈದರಾಬಾದಿನಲ್ಲಿ ಕೊಂಡು, ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಹೆಂಡತಿಯನ್ನು ತವರಿನಿಂದ ಕರೆತಂದಾಗ ಅಷ್ಟು ಜೋಪಾನ ಮಾಡಿರಲಿಲ್ಲ. ತೇಗದ ಪೆಟ್ಟಿಗೆ, ಎದೆಗೆ ಬಂಗಾರದ ಬಣ್ಣದ ಬಟ್ಟೆ, ಎರಡು ದೊಡ್ಡ ಗುಂಡಿ. ಹನ್ನೊಂದು ವರ್ಷದ ಹಿಂದೆ ಅದರ ದನಿ ಹೋಯಿತು. ಆದರೂ ಅವನು ಪ್ರತಿ ಮುಂಜಾನೆ ಅದನ್ನು ಒರೆಸಿ, ಅದರೆದುರೇ ಕೂತು ಚಹಾ ಕುಡಿಯುತ್ತಿದ್ದ. ಅವನು ಹೋದ ಮೇಲೆ ಮಗಳು ಪೂನಂಳ ಮುಂದೆ ಶಕುಂತಲಾಬಾಯಿ ಒಮ್ಮೆ, "ಮನಿ ಭಣಭಣ ಅಂತದವ್ವ," ಎಂದು ಫೋನಿನಲ್ಲಿ ಬಾಯಿ ತಪ್ಪಿ ಅಂದಳು. ಅದು ಅಳಿಯ ಕಲ್ಲಿನಾಥನ ಕಿವಿಗೆ ಬಿತ್ತು.

ಕಲ್ಲಿನಾಥನಿಗೆ ಹುಮನಾಬಾದಿನ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿಯ ಅಂಗಡಿ. ಒಂದು ವಾರದಲ್ಲಿ ತರುತ್ತೇನೆಂದು ರೇಡಿಯೊವನ್ನು ಬೈಕಿಗೆ ಕಟ್ಟಿಕೊಂಡು ಹೋದವನು ಮೂರು ತಿಂಗಳು ಇತ್ತ ತಲೆ ಹಾಕಲಿಲ್ಲ. ಆ ಮೂರು ತಿಂಗಳು ಸ್ಟೂಲಿನ ಮೇಲೆ ಹೆಣಿಕೆಯ ಬಟ್ಟೆ ಖಾಲಿ ಬಿದ್ದಿತ್ತು. ಗೋಡೆಯ ಮೇಲೆ ಪೆಟ್ಟಿಗೆಯಷ್ಟೇ ಅಗಲದ ಒಂದು ಚೌಕ ಹೊಸ ಸುಣ್ಣದಂತೆ ಹೊಳೆಯುತ್ತಿತ್ತು. ಶಕುಂತಲಾಬಾಯಿ ಅಲ್ಲಿ ಮೊದಲು ಒಂದು ಕ್ಯಾಲೆಂಡರ್ ತೂಗುಹಾಕಿದಳು, ಆಮೇಲೆ ತೆಗೆದಳು.

ಕೊನೆಗೂ ತಂದ. ಹೊರಗಿನಿಂದ ಅದೇ ರೇಡಿಯೊ. ಒಳಗೆ ಅಡಿಕೆ ಡಬ್ಬಿಯಷ್ಟು ಸಣ್ಣ ಕಂಪ್ಯೂಟರು, ಉಗುರಿನಷ್ಟು ಚಿಪ್ಪಿನಲ್ಲಿ ನಾಲ್ಕು ಸಾವಿರ ಹಾಡು, ಕರೆಂಟು ಹೋದರೂ ನಿಲ್ಲದಂತೆ ಬ್ಯಾಟರಿ. ಗುಂಡಿಗಳು ಬರೀ ಶೋಕಿಗೆ. ಗಂಡನ ಹೆಬ್ಬೆರಳು ಸವೆಸಿದ ಬಲಗಡೆಯ ಗುಂಡಿ ಸುಮ್ಮನೆ ಗಿರಗಿರ ತಿರುಗುತ್ತಿತ್ತು, ಏನೂ ಆಗುತ್ತಿರಲಿಲ್ಲ.

"ಮುಟ್ಟೂದ ಬ್ಯಾಡ್ರಿ ಅತ್ತಿಯವರ," ಎಂದಿದ್ದ ಅಳಿಯ, ಮುಖ ಇಷ್ಟಗಲ ಮಾಡಿಕೊಂಡು. "ಮಾವನವರ ಹೆಸರ ಹೇಳಿದ್ರ ಸಾಕು, ತಾನ ಹಾಡ್ತದ. ಅವರ ನೆನಪಿಗಂತ ಅದ ಹೆಸರ ಇಟ್ಟೀನಿ. ಈಗ ನೀವೊಮ್ಮೆ ಅನ್ರಿ."

"ಕೈ ಒದ್ದಿ ಅದಾವ್ರಿ," ಎಂದು ಅವಳು ಒಳಗೆ ಹೋಗಿದ್ದಳು. ಬಾಯಿಂದ ಹೇಳುವುದಕ್ಕೆ ಕೈ ಯಾಕೆ ಒಣಗಬೇಕೆಂದು ಅಳಿಯ ಕೇಳಲಿಲ್ಲ. ಮರ್ಯಾದೆಯ ಮನುಷ್ಯ.

ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಜನ್ಮದಲ್ಲಿ ಒಂದೇ ಸಲ. ಮದುವೆಯ ದಿನ, ಇದೇ ಹೊಸ್ತಿಲ ಮೇಲೆ, ನಾದಿನಿಯರು ಬಾಗಿಲು ಅಡ್ಡಗಟ್ಟಿ, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಹಟ ಹಿಡಿದಾಗ. ಅದನ್ನೂ ಅವ್ವ ಕಲಿಸಿದ್ದ ಒಡಪಿನ ಪ್ರಾಸದ ಸಾಲುಗಳೊಳಗೆ ಅಡಗಿಸಿ ಹೇಳಿದ್ದಳು. ಆಮೇಲೆ ಇಲ್ಲ. ಊರನ್ನೂ ಅವಳು ಬರೀ 'ಕಲ್ಯಾಣ' ಎನ್ನುತ್ತಿದ್ದಳು, ಹೆಸರಿನ ಮೊದಲಿನ ಅರ್ಧ ಗಂಡನ ಪಾಲಿನದೆಂದು ಬಿಟ್ಟಿದ್ದಳು. ಮರಣದ ದಾಖಲೆ ಬರೆಸುವಾಗ ಗುಮಾಸ್ತ ಮೂರು ಸಲ ಹೆಸರು ಕೇಳಿದ. ನೀರು ಕುಡಿಯಲು ಹೋಗಿದ್ದ ಅಂಬುಬಾಯಿ ಬರುವ ತನಕ ಹಿಂದಿನ ಸಾಲು ಬೀದಿಯವರೆಗೆ ಬೆಳೆಯಿತು, ಇವಳು ಮಾತ್ರ ತುಟಿ ಬಿಚ್ಚಲಿಲ್ಲ.

ಪೆಟ್ಟಿಗೆ ಬಂದ ಮೇಲೂ ಅಂಬುಬಾಯಿಯೇ ಗತಿಯಾದಳು. ದಿನಾ ಮುಂಜಾನೆ ಆರಕ್ಕೆ ಅವಳು ನಡುಗೋಡೆಗೆ ಬಾಯಿಟ್ಟು, "ಬಸವಣಪ್ಪ ಸಾಹುಕಾರ್ರ, ಏಳ್ರಿ," ಎಂದು ಒದರುವುದು, ಇತ್ತ ಹಾಡು ಶುರುವಾಗುವುದು, ಅವಳಿಗೊಂದು ಕಪ್ಪು ಚಹಾ. ಅಳಿಯ ಫೋನು ಮಾಡಿ, "ಹಾಡಾಕತ್ತದೇನ್ರಿ?" ಎಂದರೆ, "ಭಾಳ ಚೊಲೊ ಹಾಡಾಕತ್ತದ್ರಿ," ಎನ್ನುವುದು. ಇಪ್ಪತ್ತು ದಿನ ಹೀಗೆ ನಡೆಯಿತು. ಹಾಡು ಹೊರಟರೆ ಅವಳು ಅದರೆದುರು ಕೂತು ಚಹಾ ಕುಡಿಯುತ್ತಿದ್ದಳು. ಮನೆ ಭಣಭಣ ಎನ್ನುವುದು ಅಷ್ಟು ಹೊತ್ತು ನಿಲ್ಲುತ್ತಿತ್ತು.

ಈಗ ಅಂಬುಬಾಯಿ ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದಳು. "ಅಕ್ಕಾ, ನಿರ್ಣಾ ಊರಿಗಿ ಹೊಂಟೀನಿ. ಮಗಳಿಗಿ ದಿನ ತುಂಬ್ಯಾವ."

"ನಾಳಿ ಅಳ್ಯಾರು ಬರ್ತಾರಲ್ಲೇ ಅಂಬೂ. ನಾ ಹೆಸರ ಹೇಳಿ ಹಾಡಸೂದ ನೋಡಬೇಕಂತ ಅವರಿಗಿ. ನಿನ್ನ ಮಗಳಿಗಿ ಎರಡ ದಿನ ತಡಕೋ ಅನ್ನು."

"ಅಕಿ ತಡಕೋತಾಳ, ಕೂಸ ತಡಕೋಬೇಕಲ್ಲ." ಅಂಬುಬಾಯಿ ಸೆರಗು ಬಾಯಿಗಿಟ್ಟು ನಕ್ಕಳು. "ಅಂದ ಬಿಡ ಅಕ್ಕಾ ಒಮ್ಮೆ. ಸಾಹುಕಾರ್ರೇನ ಎದ್ದ ಬಂದು ಬೈತಾರ?"

ಅವಳು ಹೋದ ಮೇಲೆ ಶಕುಂತಲಾಬಾಯಿ ಪೆಟ್ಟಿಗೆಯ ಮುಂದೆ ಕೂತಳು. "ಏನ್ರಿ," ಎಂದಳು. ಪೆಟ್ಟಿಗೆ ಸುಮ್ಮನಿತ್ತು. "ಕೇಳಾಕತ್ತೀರೇನ್ರಿ?" ಸುಮ್ಮನಿತ್ತು. "ಪೂನಂನ ಅಪ್ಪಾರ." ಪೇಪರು ಓದುವವನಂತೆಯೇ ಸುಮ್ಮನಿತ್ತು. ಅವಳು ಅದರ ತಲೆಗೊಂದು ಕೊಟ್ಟು ಎದ್ದಳು.

ಮರುದಿನ ಹತ್ತಕ್ಕೆ ಮಗಳು, ಅಳಿಯ ಬಂದರು. ಶಕುಂತಲಾಬಾಯಿ ಅವರಿಗೆ ಉಸಿರಾಡಲು ಬಿಡದಂತೆ ಉಪಚಾರ ಮಾಡಿದಳು. ಮಂಡಕ್ಕಿಯ ಸುಸಲ, ಅದರ ಮೇಲೆ ಮಿರ್ಚಿ, ಅದರ ಮೇಲೆ ಚಹಾ, ಚಹಾದ ಮೇಲೆ ಮತ್ತೆ ಚಹಾ. ಎಲ್ಲ ಮುಗಿದರೂ ಅಳಿಯ ಕುರ್ಚಿಯನ್ನು ಪೆಟ್ಟಿಗೆಯ ಎದುರು ಎಳೆದುಕೊಂಡು ಕೂತೇಬಿಟ್ಟ.

"ಈಗ ಅನ್ರಿ ಅತ್ತಿಯವರ."

"ಗಂಟಲ ಕಟ್ಯಾದ್ರಿ."

"ಸಣ್ಣ ದನಿಗೂ ಕೇಳ್ತದ್ರಿ ಅದು."

ಶಕುಂತಲಾಬಾಯಿ ಮಗಳ ಮುಖ ನೋಡಿದಳು. ಪೂನಂಳಿಗೆ ತಡೆಯಲಾಗಲಿಲ್ಲ. "ಅವ್ವಾ, ಇಪ್ಪತ್ತ ದಿನಾ ಹ್ಯಾಂಗ ಹಾಡಿಸಿದಿ ಹಂಗಾದ್ರ? ಅಂಬುಬಾಯಿನ್ನ ಕರದಿದ್ದಿ ಹೌದಿಲ್ಲೋ?"

ಶಕುಂತಲಾಬಾಯಿ ಖಾಲಿ ಕಪ್ಪುಗಳನ್ನು ಒಂದರೊಳಗೊಂದು ಇಡತೊಡಗಿದಳು.

"ಹೆಸರ ಹೇಳಿದ್ರ ಗಂಡನ ಆಯುಷ್ಯ ಕಮ್ಮಿ ಆಗ್ತದಂತ ಹೇಳತಿದ್ದ್ಯಲ್ಲ. ಈಗ ಕಮ್ಮಿ ಆಗಾಕ ಏನ ಉಳದದವ್ವ? ಇವರು ಮೂರ ತಿಂಗಳ ಅಂಗಡಿ ಕೆಲಸ ಬಿಟ್ಟು ಮಾಡ್ಯಾರ."

"ಅದು ಹಂಗಲ್ಲ."

"ಮತ್ತ ಹ್ಯಾಂಗ?"

ಶಕುಂತಲಾಬಾಯಿ ಇನ್ನೊಂದು ಕಪ್ಪನ್ನು ಎತ್ತಿ ಮೇಲಿಟ್ಟಳು. ಅಳಿಯನ ಮುಖ ಸಣ್ಣದಾಗಿತ್ತು. ಆದರೂ ಅವನು ಸಿಟ್ಟು ತೋರಿಸಲಿಲ್ಲ, ಅದೇ ಅವಳಿಗೆ ಇನ್ನೂ ಕಿರಿಕಿರಿ. ಬೈದಿದ್ದರೆ ತಿರುಗಿ ಬೈಯಲು ಆಗದಿದ್ದರೂ ಕಪ್ಪನ್ನಾದರೂ ಕುಕ್ಕಬಹುದಿತ್ತು.

"ತಪ್ಪ ನಂದ್ರಿ," ಎಂದ ಅವನು. "ನಾ ಇದರ ವಿಚಾರ ಮಾಡಲಿಲ್ಲ. 'ಏನ್ರಿ' ಅಂತ ಹಾಕಿ ಕೊಡ್ಲ್ಯಾ?"

"ಏನ್ರಿ ಅಂದ್ರ ಓಣ್ಯಾಗಿನ ಹೆಂಗಸರು ಯಾರ ಕರದ್ರೂ ಓ ಅಂತದ. ಇನ್ನೊಬ್ಬರ ಗಂಡಂದಿರ ಉಸಾಬರಿ ನಮ್ಮ ಮನ್ಯಾಗ ಯಾಕ್ರಿ?"

"ಹಂಗಾದ್ರ ಬ್ಯಾರೆ ಏನರೆ ಹಾಕೋಣ. ಹುಮನಾಬಾದಿಗಿ ಒಯ್ದು ಮಾವನವರ ಹೆಸರ ತಗದ ಬಿಡ್ತೀನಿ. ಒಂದ ವಾರದ ಕೆಲಸ."

ಅವನು ಎದ್ದು ವಾಯರು ಕಿತ್ತ. ಪೂನಂ ಮಂಚದ ಮೇಲಿನ ಹೂವಿನ ಚಾದರ ತಂದಳು. ಇಬ್ಬರೂ ಸೇರಿ ಪೆಟ್ಟಿಗೆಗೆ ಅದನ್ನು ಸುತ್ತಿದರು. ಸ್ಟೂಲಿನ ಹಿಂದೆ ಗೋಡೆಯ ಚೌಕ ಮತ್ತೆ ಕಾಣಿಸಿತು.

ಒಂದು ವಾರವೆಂದರೆ ಎಷ್ಟು ತಿಂಗಳೆಂದು ಶಕುಂತಲಾಬಾಯಿಗೆ ಗೊತ್ತಿತ್ತು. ಅದನ್ನಾದರೂ ಹಲ್ಲು ಕಚ್ಚಿ ಕಾಯಬಹುದಿತ್ತು. ಹೆಸರ ತಗದ ಬಿಡ್ತೀನಿ ಎಂದನಲ್ಲ, ಆ ಮಾತು ಎದೆಯಲ್ಲಿ ಜಾಲಿಮುಳ್ಳಿನಂತೆ ಮುರಿದು ನಿಂತಿತು. ರೇಷನ್ ಚೀಟಿಯಿಂದ ತೆಗೆದಾಗಿತ್ತು. ಕರೆಂಟಿನ ಬಿಲ್ಲಿನಿಂದ ತೆಗೆದಾಗಿತ್ತು. ಗಂಡ ನಡೆಸುತ್ತಿದ್ದ ಅಂಗಡಿಯ ಬೋರ್ಡನ್ನು ಈಗಿನ ಬಾಡಿಗೆಯವನು ಇಳಿಸಿದ್ದ.

ಕಲ್ಲಿನಾಥ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಬಾಗಿಲಿನ ತನಕ ಬಂದ. ನೋಡಿದರೆ ಅತ್ತೆ ಹೊಸ್ತಿಲ ಮೇಲೆ ನಿಂತಿದ್ದಳು, ಎರಡೂ ಕೈ ಬಾಗಿಲ ಚೌಕಟ್ಟಿಗೆ ಆನಿಸಿ.

"ಅವ್ವಾ, ಸರೀ," ಎಂದಳು ಪೂನಂ.

ಅವಳು ಸರಿಯಲಿಲ್ಲ. ಅಳಿಯನ ಮುಖ ನೋಡಲಿಲ್ಲ, ಚಾದರದ ಹೂವುಗಳನ್ನು ನೋಡುತ್ತಿದ್ದಳು. ಅರವತ್ತಾರು ವರ್ಷದ ಕೆನ್ನೆ, ಮದುವೆಯ ದಿನದ ಹುಡುಗಿಯದರಂತೆ ಕೆಂಪಾಗುತ್ತ ಬಂತು. ಒಮ್ಮೆ ಕೆಮ್ಮಿದಳು. ಆಮೇಲೆ ಬೈಗುಳದ ದನಿಯಲ್ಲಿಯೇ ಅವ್ವನ ಒಡಪು ಶುರು ಮಾಡಿದಳು.

"ತ್ರಿಪುರಾಂತ ಕೆರಿಯಾಗ ತಾವರಿ ಹೂವ,
ಹತ್ತೂರ ಹುಡುಕಿದ್ರೂ ಸಿಗದಂಥ ಜೀವ,"

ಅಲ್ಲಿ ನಿಂತಳು. ಓಣಿಯಲ್ಲಿ ಯಾವುದೋ ಕಬ್ಬಿನ ಟ್ರ್ಯಾಕ್ಟರು ಹೋಯಿತು. ಅದರ ಸದ್ದು ಪೂರ್ತಿ ಅಡಗುವ ತನಕ ಕಾದಳು.

"ಬಸವಣಪ್ಪ ಅವರ ಹೆಸರ ಹೇಳೀನಿ, ಬಾಗಿಲ ಬಿಡ್ರವ್ವ."

ಬಾಗಿಲು ಕಟ್ಟಿ ನಿಂತವಳು ತಾನೇ ಎಂಬುದು ಅವಳಿಗೆ ಮರೆತುಹೋಗಿತ್ತು. ಅಳಿಯನ ತೋಳುಗಳ ನಡುವೆ, ಚಾದರದ ಒಳಗೆ, ಯಾರೋ ಗಂಟಲು ಸರಿಮಾಡಿಕೊಂಡರು. ಕಲ್ಲಿನಾಥ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು ಹಾಗೇ ನಿಂತುಬಿಟ್ಟ. ಹಾಡು ಶುರುವಾಯಿತು. ಬಟ್ಟೆಯ ಕೆಂಪು ಹೂವುಗಳಲ್ಲಿ ಒಂದು, ನಡುವಿನದು, ಒಳಗಿನಿಂದ ಹಳದಿಯಾಗಿ ಬೆಳಗುತ್ತಿತ್ತು.