ಬೆನ್ನ ಹಿಂದಿನ ಕಡಲು

"ಏಯ್ ಶೇಷಮ್ಮ, ಕಣ್ಣೇನು ಕುಂಡೀಲಿ ಇಟ್ಕೊಂಡಿದ್ಯಾ? ಸೀಟ್ ಸಂದೀಲಿ ಮರಳು ಹಂಗೇ ಐತಲ್ಲೇ!"

ತನ್ನ ರಾಗಿ ಹೊಲವನ್ನು ಬಸ್ ಯಾರ್ಡ್ ಮಾಡಿಕೊಂಡ ಕೆ.ಆರ್. ಪುರದ ಕೆಂಪರಾಜ್ ನನ್ನನ್ನು ದಿನವೂ ಹೀಗೇ ಬಯ್ಯುತ್ತಿದ್ದ. ಎಂಟು ವರ್ಷದಿಂದ ಟೂರು ಮುಗಿಸಿ ಬರುವ ಅವನ ಬಸ್ಸುಗಳಲ್ಲಿ ಕಡಲತೀರದ ಮರಳು ಗುಡಿಸಿದ್ದೇನೆ, ಕುಡಿದವರ ವಾಂತಿ ಬಳಿದಿದ್ದೇನೆ. ಕಡಲನ್ನು ಮಾತ್ರ ಕಂಡಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಟೂರಿಗೆ ಹೋದ ಇಬ್ಬರು ನೀರುಪಾಲಾದರು. ಅದೇ ಮಳೆಗೆ ಗುಡ್ಡ ಕುಸಿದು ದಾರಿಯೂ ಮುಚ್ಚಿತು. ಆಮೇಲೆ ಅವನ ಬಸ್ಸು ಬಾಡಿಗೆಗೆ ಹಿಡಿಯುವ ಇಂದಿರಾನಗರದ ಟೂರ್ ಕಂಪನಿಯ ರಮ್ಯಶ್ರೀ ಮೇಡಂ ಹೊಸ ರಾಗ ತೆಗೆದರು. ನಾಲ್ಕು ಬಸ್ಸಿನ ಗದ್ದಲ ಬೇಡ, ಒಂದೇ ಸಾಕು. ಪ್ಲಾಸ್ಟಿಕ್ ಇಲ್ಲ, ಕುಡಿತ ಇಲ್ಲ. ಬಂದವರೇ ದಂಡೆಯ ಕಸ ಆರಿಸಬೇಕು. ಅವರಿಗೆ ಹೇಳಿಕೊಡಲು ಬಸ್ಸು ತೊಳೆಯುವ ನಮ್ಮಲ್ಲಿ ಒಬ್ಬಳಿಗೆ ಸೀಟು.

ಆ ಸೀಟು ಸೌಂದರ್ಯಾಳಿಗೆ ಸಿಕ್ಕಿತು. ಲಿಂಗಸುಗೂರು ಕಡೆಯ ನಮ್ಮೂರವಳೇ, ಕೆಲಸಕ್ಕೆ ಸೇರಿಸಿದ್ದೂ ನಾನೇ. ಬಂದು ಆರು ತಿಂಗಳಾಗಿಲ್ಲ. ಫೋಟೊದಲ್ಲಿ ಚೆಂದ ಕಾಣುತ್ತಾಳಂತೆ! ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ದಾರಿಯುದ್ದಕ್ಕೂ ಅವಳಿಗೆ ವಾಂತಿಯಾಗಲಿ ಎಂದು ಬೇಡಿಕೊಂಡೆ.

ತಿರುಗಿ ಬಂದವಳನ್ನು ನಲ್ಲಿಯ ಹತ್ತಿರ ಹಿಡಿದೆ.

"ಕಡಲ ಹೆಂಗದಲೇ?"

"ಸರಿಯಾಗಿ ನೋಡಲಿಲ್ಲಕ್ಕ. ಟೂರಿನವ್ರು ಕೈಗವಸು ಹಾಕ್ಕೊಂಡು ಫೋಟೊ ತೆಗಿಸ್ಕೊಂಡ್ರು, ನೀರಿಗೆ ಹೋದ್ರು. ಸಂಜಿತನಾ ನಾ ಒಬ್ಬಾಕಿನೇ ಬಗ್ಗಿ ಕಸ ಆರಿಸೀನಿ. ಕಡಲ ಬೆನ್ನ ಹಿಂದಿತ್ತು."

"ಸಪ್ಪಳರೆ ಕೇಳ್ತಿಲ್ಲೋ?"

"ಕೇಳ್ತು."

ನನಗೆ ಅಷ್ಟೂ ಸಿಕ್ಕಿರಲಿಲ್ಲ. ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು.

ಮುಂದಿನ ಶನಿವಾರ ಬೆಳಿಗ್ಗೆ ಬಸ್ಸು ಒರೆಸಿದವಳು ಇಳಿಯಲಿಲ್ಲ. ಸೌಂದರ್ಯಾಳ ಸೀಟಿನಲ್ಲಿ, ಕಿಟಕಿಯ ಪಕ್ಕ ಕೂತೆ. ಕೆಂಪರಾಜ್ "ಇಳಿಯೇ ಬೋಳಿಮಗಳೇ" ಎಂದು ಬಾಗಿಲು ಬಡಿದ. ಬಸ್ಸು ನೋಡಲು ಬಂದಿದ್ದ ಮೇಡಂ ಒಳಗೆ ಬಂದು ಮೆತ್ತಗೆ ಹೇಳಿದರು.

"ನೋಡಮ್ಮ, ಇಷ್ಟೇ ಜನ ಅಂತ ಲಿಮಿಟ್ ಇದೆ. ಒಬ್ರು ಜಾಸ್ತಿ ಆದ್ರೂ ಪರಿಸರಕ್ಕೆ ಹೊರೆ. ಪ್ಲೀಸ್, ಇಳಿ."

"ಎಂಟು ವರ್ಷ ನಿಮ್ಮ ಹೊಲಸು ಬಳಿವಾಗ ಈ ಪರಿಸರ ಎಲ್ಲಿ ಸತ್ತಿತ್ರೀ ಮೇಡಂ? ನಾ ಇಳಿಯಂಗಿಲ್ಲ."

ಬುತ್ತಿ ಹಿಡಿದು ನಿಂತಿದ್ದ ಸೌಂದರ್ಯಾ ಮೇಡಂ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ನನ್ನನ್ನು ಒತ್ತಿಕೊಂಡು ಅದೇ ಸೀಟಿನಲ್ಲಿ ಕೂತಳು.

"ತುಸು ಸರಿಯಕ್ಕ, ಕಿಟಕಿ ಕಡೀಗೆ ನಾ ಕುಂದರ್ತೀನಿ."

"ಹಲ್ಲು ಉದುರಿಸ್ತೀನಿ," ಎಂದೆ.

ಕೆಂಪರಾಜ್ ತೋಳೇರಿಸುತ್ತ ಬಸ್ಸು ಹತ್ತಿದ. ನಾವಿಬ್ಬರೂ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆವು.