ಬಲಮೂಲೆಯ ಕೆಂಪು ಗುರುತು

‘ಭಾಗೀರಥಿಯನ್ನು ಯಾರಾದರೂ ಹೊಗಳಿದರೆ ನನಗೆ ಆವತ್ತು ಊಟ ಸೇರುವುದಿಲ್ಲ. ಇದು ಎಲ್ಲರಿಗೂ ಆಗುತ್ತದೋ, ನನಗೊಬ್ಬಳಿಗೋ?’ ಎಂದು ಸಾಯಿಮಾ ಡೈರಿಯಲ್ಲಿ ಬರೆದಳು. ಬರೆದದ್ದನ್ನು ತಾನೇ ಓದಲಾರದೆ ಮುಚ್ಚಿಟ್ಟಳು.

ಅದು 2005ರ ಹತ್ತಿ ಸುಗ್ಗಿ. ಯರಗಟ್ಟಿಯ ನಿಜಗುಣಪ್ಪನವರ ಕಂಪ್ಯೂಟರ್ ಅಂಗಡಿಯಲ್ಲಿ, ಬಿಎಸ್ಸಿ ಮುಗಿಸಿದ ಈ ಇಬ್ಬರು ಹುಡುಗಿಯರು ಒಂದು ಕೆಲಸ ಹಿಡಿದಿದ್ದರು. ಮೇಜಿನ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶವನ್ನು ಅಂಗೈಯಗಲದ ಯಂತ್ರಕ್ಕೆ ಇಳಿಸಬೇಕು. ಬೈಲಹೊಂಗಲದ ಒಬ್ಬ ವ್ಯಾಪಾರಿಯ ಕಡೆ ತೂಕ ಮಾಡುವವರು ಅಂಡಿಗೆಯ, ಅಂದರೆ ಹತ್ತಿ ತುಂಬಿದ ದೊಡ್ಡ ಚೀಲದ, ತೂಕವನ್ನು ನಿಂತಲ್ಲೇ ಅದರಲ್ಲಿ ಬರೆದುಕೊಳ್ಳಬೇಕು.

ಸಾಯಿಮಾ ನಾಲ್ಕು ತಿಂಗಳು ಆ ತಂತ್ರಾಂಶವನ್ನು ಕತ್ತರಿಸಿದಳು. ಪ್ರಿಂಟರಿನದು, ಆಟಗಳದು, ಬೇಡದ್ದನ್ನೆಲ್ಲ ಕಿತ್ತು ಕಿತ್ತು ಆ ಪುಟ್ಟ ಮೆಮೊರಿಯಲ್ಲಿ ಹಿಡಿಸಿದಳು. ಭಾಗೀರಥಿ ಪರದೆ ಮಾಡಿದಳು: ಕನ್ನಡ ಅಕ್ಷರ, ಹಸಿರು ‘ಉಳಿಸು’ ಗುಂಡಿ, ಅದರ ಪಕ್ಕ ಬಲಮೂಲೆಯಲ್ಲಿ ಕಿಟಕಿ ಮುಚ್ಚುವ ಕೆಂಪು ಗುರುತು. ನೋಡಿದವರೆಲ್ಲ, "ಭಾಗೀರಥಿ ಏನ್ ಚಂದ ಮಾಡ್ಯಾಳಲೇ!" ಎಂದರು.

"ಒಳಗಿಂದೆಲ್ಲಾ ಸಾಯಿಮಾಂದರಿ," ಎಂದು ಭಾಗೀರಥಿ ತಪ್ಪದೆ ಹೇಳುತ್ತಿದ್ದಳು. ಆ ದೊಡ್ಡತನವೇ ಸಾಯಿಮಾಳನ್ನು ಇನ್ನಷ್ಟು ಸುಡುತ್ತಿತ್ತು.

ಅಂಗಡಿಯಲ್ಲಿ ಎಲ್ಲರೂ ಯಂತ್ರದ ಜೊತೆ ಬಂದ ಸಣ್ಣ ಕಡ್ಡಿಯಿಂದಲೇ ಪರದೆ ಒತ್ತುವುದು. ಒಂದು ದಿನ ಸಾಯಿಮಾ ಸುಮ್ಮನೆ ಹೆಬ್ಬೆರಳಿನಿಂದ ‘ಉಳಿಸು’ ಒತ್ತಿದಳು. ಬೆರಳು ಕೆಂಪು ಗುರುತಿಗೂ ತಾಗಿ, ಕಿಟಕಿ ಮುಚ್ಚಿ, ಬರೆದ ತೂಕ ಅಳಿದುಹೋಯಿತು. ಮತ್ತೊಮ್ಮೆ ಒತ್ತಿದಳು, ಮತ್ತೆ ಅದೇ. ಮೌಸ್ ಹಿಡಿದು ಕೂತವರಿಗೆ ಒಗ್ಗಿದ ಜಾಗವನ್ನು ಭಾಗೀರಥಿ ಹಾಗೆಯೇ ಅಂಗೈಗೆ ಇಳಿಸಿದ್ದಳು. ಹೇಳೋಣವೆಂದು ತಲೆಯೆತ್ತಿದರೆ, ನಿಜಗುಣಪ್ಪ ತಾವೇ ಭಾಗೀರಥಿಗೆ ಚಹಾ ತಂದುಕೊಡುತ್ತಿದ್ದರು. ಸಾಯಿಮಾ ಯಂತ್ರವನ್ನು ಡಬ್ಬಿಯಲ್ಲಿಟ್ಟಳು.

ವಾರದ ಮೇಲೆ ನಿಜಗುಣಪ್ಪ ಇಬ್ಬರನ್ನೂ ಬೈಲಹೊಂಗಲಕ್ಕೆ ಕರೆದೊಯ್ದು, ವ್ಯಾಪಾರಿಯ ಎದುರೇ ಅದನ್ನು ಹಣಮಂತಪ್ಪನ ಕೈಗೆ ಕೊಟ್ಟರು. ಮೂವತ್ತು ವರ್ಷ ಅಂಡಿಗೆ ತೂಗಿದ ಮನುಷ್ಯ. ಬಲಗೈಯಲ್ಲಿ ಅಂಡಿಗೆ ಎಳೆಯುವ ಕೊಕ್ಕೆ. ಅದನ್ನು ಕೆಳಗಿಟ್ಟು ಕಡ್ಡಿ ಹಿಡಿಯುವ ರೂಢಿ ಅವನಿಗೆಲ್ಲಿಂದ ಬರಬೇಕು? ಎಡಗೈಯಲ್ಲಿ ಯಂತ್ರ ಹಿಡಿದು ಅದೇ ಕೈಯ ಹೆಬ್ಬೆರಳಿನಿಂದ ಒತ್ತಿದ. ತೂಕ ಹೋಯಿತು. ಮತ್ತೆ ಒತ್ತಿದ. ಹೋಯಿತು.

"ಹಣಮಂತಪ್ಪಾ, ರೊಟ್ಟಿ ಬಡಿಯಾಕ ಹತ್ತಿಯೇನೋ?" ಹಮಾಲರು ನಕ್ಕರು.

ವ್ಯಾಪಾರಿ ಹುಬ್ಬು ಗಂಟಿಕ್ಕಿದ. "ಈತನ ಕಡೆ ಆಗೂದಿಲ್ಲ ಬಿಡ್ರಿ. ನಾಳಿಂದ ಈ ಜಾಗಾಕ್ಕ ಸಾಲಿ ಕಲತಾವನ್ನ ನಿಂದರಸತೇನಿ."

ಹಣಮಂತಪ್ಪ ಹೆಬ್ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. "ಹೌದ್ರಿ ಸಾವಕಾರ್ರ, ನನ್ನ ಬಳ್ಳ ದಪ್ಪ ಅದಾವ," ಎಂದ, ತಪ್ಪು ಒಪ್ಪಿಕೊಂಡವನಂತೆ.

ಭಾಗೀರಥಿಯ ಮುಖ ಬಿಳಿಚಿಕೊಂಡಿತ್ತು. ಸಾಯಿಮಾ ಇಷ್ಟು ದಿನ ಕಾದದ್ದು ಆ ಮುಖ ನೋಡಲಿಕ್ಕೇ. ಈಗ ನೋಡಲಾಗಲಿಲ್ಲ; ಕಣ್ಣು ಆ ಹೆಬ್ಬೆರಳಿನ ಮೇಲೇ ನಿಂತಿತ್ತು.

"ಕಾಕಾನ ಬಳ್ಳಿಂದು ತಪ್ಪಿಲ್ರಿ," ಎಂದಳು ಸಾಯಿಮಾ.

"ಮತ್ಯಾರದವಾ?" ಎಂದರು ನಿಜಗುಣಪ್ಪ.

"ಆ ಕೆಂಪು ಗುರುತು ಅಲ್ಲಿ ಇರಬಾರದಿತ್ರಿ. ನನಗ ವಾರದ ಹಿಂದನ ಗೊತ್ತಾಗಿತ್ತು. ಭಾಗೀರಥಿ ಮ್ಯಾಲಿನ ಹೊಟ್ಟಿಕಿಚ್ಚಿಗೆ ಬಾಯಿ ಬಿಡಲಿಲ್ಲ."